ಮೇಣ ಹಾಕದ ಕವರು

ಮೊನ್ನೆ ಹಲಸಿನಹಣ್ಣು ಬಿಡಿಸಲು ಕುಳಿತವಳು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಮರೆತೆ. ಬೆರಳಿಗೆಲ್ಲ ಮೇಣ ಮೆತ್ತಿಕೊಂಡಿತು. ಆ ವಾಸನೆಗೆ ಕಳಸ ಪೇಟೆಯ ಕೊಡೆ ಅಂಗಡಿಯವರು ನೆನಪಾದರು. ಎಂಥ ಅನುಮಾನದ ಮನುಷ್ಯ, ಮಾರಾಯ್ರೇ!

ಎಪ್ಪತ್ತರ ದಶಕದ ಕೊನೆಯ ಮಾತು. ಅವರ ಪಕ್ಕದಲ್ಲೇ ನನ್ನದೊಂದು ಪುಟ್ಟ ಬಟ್ಟೆ ಅಂಗಡಿ. ಮಳೆ ಹಿಡಿಯುವ ಮೊದಲು ಅವರ ಕೊಡೆ, ಕಂಬಳಿ ಭರ್ಜರಿಯಾಗಿ ಖರ್ಚಾಗುತ್ತಿದ್ದವು. ಆ ವ್ಯಾಪಾರದ ಸೇಲ್ಸ್ ಟ್ಯಾಕ್ಸ್ ರಿಟರ್ನಿನ ಗಡುವು ಮಾತ್ರ ಜುಲೈ ತಿಂಗಳ ಜಡಿಮಳೆಯಲ್ಲಿ ಬರುತ್ತಿತ್ತು. ಕೊಡಬೇಕಾದ್ದು ಚಿಕ್ಕಮಗಳೂರಿನ ಕಚೇರಿಯಲ್ಲಿ. ನಾನು ಮೊದಲೇ ಹೋಗಿ ಕೊಟ್ಟು ಬರುತ್ತಿದ್ದೆ. ನಿಮ್ಮದನ್ನೂ ಒಯ್ಯುತ್ತೇನೆ ಎಂದರೆ ಅಡಿಯಿಂದ ಮುಡಿಯವರೆಗೆ ನನ್ನನ್ನು ನೋಡುತ್ತಿದ್ದರು.

"ಬೇಗ ಕೊಟ್ರೆ ಅವ್ರಿಗೆ ಓದೋಕೆ ಪುರುಸೊತ್ತು ಸಿಕ್ತದೆ, ಮಾರಾಯ್ತಿ. ಕೊನೇ ದಿನ ರಾಶಿ ಬಿದ್ದಿರ್ತದೆ. ಸೀಲು ಹೊಡ್ದು ಬಿಸಾಕ್ತಾರೆ!"

ಅಂಚೆಯ ಮೇಲಂತೂ ನಂಬಿಕೆಯೇ ಇಲ್ಲ, ಕೊನೆಯ ದಿನ ತಾವೇ ಬಸ್ಸು ಹತ್ತಿ ಒಯ್ಯುತ್ತಿದ್ದರು. ಹಲಸಿನ ಮೇಣ ಕಾಯಿಸಿ ಕವರಿನ ಬಾಯಿಗೆ ಮೆತ್ತಿ, ಅದರ ಮೇಲೆ ತಮ್ಮದೇ ಬಿಳಿಕೂದಲೊಂದನ್ನು ಅಂಟಿಸುತ್ತಿದ್ದರು. ಬಸ್ಸಿನಲ್ಲಿ ತೂಕಡಿಸುವಾಗ ಯಾರಾದರೂ ಬಿಚ್ಚಿದರೆ ಗೊತ್ತಾಗಬೇಕಂತೆ. ತಲೆಯಲ್ಲಿ ಉಳಿದದ್ದೇ ನಾಲ್ಕು ಕೂದಲು...

ದಾರಿಯಲ್ಲಿ ಗುಡ್ಡ ಜರಿದು ಎರಡು ಸಲ ಅವರಿಗೆ ಗಡುವು ತಪ್ಪಿತ್ತು. ಇನ್ನೊಮ್ಮೆ ತಪ್ಪಿದರೆ ರಿಜಿಸ್ಟ್ರೇಷನ್ ರದ್ದು ಎಂದು ನೋಟಿಸು ಬಂತು. ಆ ನಂಬರಿಲ್ಲದೆ ಸಗಟು ವ್ಯಾಪಾರಿಗಳು ಮಾಲು ಕೊಡುತ್ತಿರಲಿಲ್ಲ. ಅಂಗಡಿ ಮುಚ್ಚಬೇಕಾಗುತ್ತಿತ್ತು.

ಅದೇ ಮಳೆಗಾಲ ಅವರಿಗೆ ಎದೆನೋವು ಬಂತು. ಮಂಗಳೂರಿನ ಆಸ್ಪತ್ರೆಗೆ ಒಯ್ಯಲು ಜೀಪು ಬಂದು ನಿಂತಿತ್ತು. ನನ್ನನ್ನು ಕರೆಸಿ ಕವರು ಕೈಗಿಟ್ಟರು. ನೋಡಿದರೆ ಬಾಯಿ ತೆರೆದೇ ಇದೆ!

"ಮೇಣ ಹಾಕ್ಲಿಲ್ವಲ್ಲ ನೀವು?"

"ಇರ್ಲಿ. ಕೊನೇ ದಿನಾನೇ ಕೊಡು."

ನನಗೆ ಒಳಗೊಳಗೇ ಕಸಿವಿಸಿ. ಇದೇನು, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೋ? ಒಳಗೆ ಕಾಗದಗಳನ್ನಿಟ್ಟ ಕ್ರಮವನ್ನು ನೆನಪಿಟ್ಟುಕೊಂಡಿದ್ದಾರೋ? ಕವರಿನೊಳಗೆ ಕಣ್ಣೂ ಹಾಯಿಸದೆ ಕಪಾಟಿನಲ್ಲಿಟ್ಟೆ.

ಕೊನೆಯ ದಿನ ಹೊರಟರೆ ಘಾಟಿಯಲ್ಲಿ ಮಣ್ಣು ಜರಿದು ರಸ್ತೆ ಬಂದ್. ದೇವರೇ, ಇವರ ಅಂಗಡಿ ನನ್ನ ಕೈಯಲ್ಲಿ ಮುಚ್ಚುವಂತಾಯಿತಲ್ಲ ಎಂದು ಅಳುವೇ ಬಂತು. ಕವರನ್ನು ಸೆರಗಿನಲ್ಲಿ ಸುತ್ತಿ ಎದೆಗವುಚಿಕೊಂಡು, ಮೊಣಕಾಲುದ್ದ ಕೆಸರು ದಾಟಿ, ಆಚೆ ನಿಂತಿದ್ದ ಬಸ್ಸು ಹತ್ತಿದೆ. ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ತಲುಪಿದೆ. ಗುಮಾಸ್ತ ಒಂದಕ್ಷರವನ್ನೂ ಓದದೆ ಠಪ್ಪೆಂದು ಸೀಲು ಹೊಡೆದು ರಾಶಿಯ ಮೇಲೆ ಬಿಸಾಕಿದ; ನಕಲಿನ ಮೇಲೂ ಒಂದು ಸೀಲು ಒತ್ತಿ ನನ್ನ ಕೈಗೆ ಕೊಟ್ಟ.

ಅಯ್ಯೋ, ಅವರು ಹೇಳಿದ್ದು ನಿಜವಾಗಿತ್ತು! ಇದನ್ನೊಂದು ಅವರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ನಗುತ್ತಲೇ ಬಂದೆ. ಕಳಸದಲ್ಲಿ ಇಳಿದಾಗ ಅವರ ಅಂಗಡಿಯ ಮುಂದೆ ಜನ ಸೇರಿದ್ದರು. ಮಂಗಳೂರಿನಿಂದ ಸುದ್ದಿ ಬಂದಿತ್ತು. ಸೀಲು ಬಿದ್ದ ನಕಲು ನನ್ನ ಕೈಯಲ್ಲೇ ಉಳಿಯಿತು. ಅದನ್ನು ಬೆಳಕಿಗೆ ಹಿಡಿದು, ಸೀಲು ಅಸಲಿಯೋ ನಕಲಿಯೋ ಎಂದು ತಿರುಗಿಸಿ ನೋಡುವವರು ಇರಲಿಲ್ಲ.

ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಎಷ್ಟು ಉಜ್ಜಿದರೂ ಬೆರಳಿನ ಮೇಣ ಹೋಗುತ್ತಿಲ್ಲ. ಅಂದು ಕವರನ್ನು ತೆರೆದೇ ಕೊಟ್ಟದ್ದು ನನ್ನ ಮೇಲಿನ ನಂಬಿಕೆಯಿಂದಲೋ, ಮೇಣ ಕಾಯಿಸಲು ತ್ರಾಣವಿಲ್ಲದೆಯೋ... ನಂಬಿಕೆಯಿಂದಲೇ ಎಂದುಕೊಳ್ಳಲು ನನಗೆ ತುಂಬ ಆಸೆ. ಆದರೆ ಅಷ್ಟು ವರ್ಷ ಅವರ ಪಕ್ಕದಲ್ಲಿ ಅಂಗಡಿ ಇಟ್ಟವಳು ನಾನು, ಅನುಮಾನ ಬಿಡುತ್ತಿಲ್ಲ.