ನೀರು ಕೊಡದವರ ಮನೆ

ನನ್ನ ಮದುವೆಯ ದಿನ ಗಂಗಾವತಿ ಕಡೆಯಿಂದ ಹೊರಟ ನಮ್ಮವರ ಟೆಂಪೊ ಅಳವಂಡಿ ದಾಟಿ, ಗಂಡನ ಊರಿನ ಅಗಸಿ ಬಾಗಿಲ ಮುಂದೆ ನಿಂತಿತು. ಮಾತುಕತೆಯೆಲ್ಲ ನಮ್ಮೂರಲ್ಲೇ ಮುಗಿದಿದ್ದರಿಂದ ಮನೆ ನೋಡಿರದ ಅಪ್ಪ ಇಳಿದು ಕಟ್ಟೆಯ ಮೇಲೆ ಕುಳಿತಿದ್ದವರನ್ನು ಬೀಗರ ಮನೆ ಎಲ್ಲಿ ಎಂದು ಕೇಳಿದ. ಮನೆತನದ ಹೆಸರು ಹೇಳಿದರೂ ಅವರಿಗೆ ಗೊತ್ತಾಗಲಿಲ್ಲ. ಒಬ್ಬರು ಮತ್ತೊಬ್ಬರ ಮುಖ ನೋಡಿದರು. ಆಮೇಲೆ ಒಬ್ಬಾತನಿಗೆ ಹೊಳೆಯಿತು.

"ಓ, ನೀರ್ ಕೊಡದವರ ಮನಿಗಿ ಬಂದೀರೇನ್ರಿ? ಮೊದ್ಲ ಹಂಗ ಹೇಳ್ಬೇಕಲ್ರಿ! ಸೀದಾ ಹೋಗಿ ಬೇವಿನ ಗಿಡದ ಹತ್ರ ಹೊಳ್ರಿ."

"ನೀರ್ ಇಲ್ಲೇ ಕುಡ್ಕೊಂಡ್ ಹೋಗ್ರಿ ಮತ್ತ," ಎಂದ ಅವನ ಪಕ್ಕದವನು. ಕಟ್ಟೆಯವರೆಲ್ಲ ನಕ್ಕರು. ಟೆಂಪೊದಲ್ಲಿದ್ದ ನಮ್ಮ ಕಡೆಯ ಹೆಂಗಸರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಕಾಲುವೆಯ ನೀರಿನಲ್ಲಿ ಮೊಣಕಾಲು ಮಟ ನಿಂತು ಭತ್ತ ನಾಟಿ ಮಾಡುತ್ತಲೇ ವಯಸ್ಸು ಕಳೆದವನು ಅವನು. ಮಗಳನ್ನು ಇಂಥ ಹೆಸರಿನ ಮನೆಗೆ ಕೊಡುತ್ತಿದ್ದೇನಲ್ಲ ಎಂದು ಅವನ ಮುಖ ಸಣ್ಣದಾಗಿತ್ತು.

ಹೆಸರಿನ ಕಥೆ ನನಗೆ ತಿಳಿದದ್ದು ನೆರೆಮನೆಯ ಮುದುಕಿಯಿಂದ. ಊರವರೆಲ್ಲ ಆಕೆಯನ್ನು ಆಯಿ ಎಂದೇ ಕರೆಯುತ್ತಾರೆ. ಊರಿನ ಹಳೆಯ ಮನೆಗಳಿಗೆಲ್ಲ ಒಂದೊಂದು ಕಥೆ ಇದೆ, ಆ ಕಥೆಗಳೆಲ್ಲ ಆಯಿಯ ಬಾಯಲ್ಲಿವೆ. ಆನೆಗೊಂದಿಗೆ ಹೊರಟಿದ್ದ ಅರಸರ ಆನೆ ಗೋಡೆಗೆ ಮೈ ಉಜ್ಜಿ ಹೋದದ್ದಕ್ಕೆ ಒಂದು ಮನೆ 'ಆನಿ ತಿಕ್ಕಿದ ಮನಿ'. ಕಣಜದ ಜೋಳವನ್ನು ಸರ್ಪ ಕಾಯುತ್ತಿತ್ತು ಎಂಬುದಕ್ಕೆ ಇನ್ನೊಂದು 'ಹಾವ್ ಕಾದ ಮನಿ'. ಆ ಮನೆಗಳವರು ಹೆಸರನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ನಮ್ಮ ಪಾಲಿಗೆ ಬಂದದ್ದು ಮಾತ್ರ ಇದು.

ಬಹಳ ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ ತಲೆಯ ಮೇಲೆ ಕೊಡ ಹೊತ್ತ ಜೋಗತಿಯೊಬ್ಬಳು ಈ ಬಾಗಿಲಿಗೆ ಬಂದು ನೀರು ಕೇಳಿದಳಂತೆ. ಆಗಿನ ಸೊಸೆ ಬೀಸುಕಲ್ಲಿನ ಮುಂದೆ ಕುಳಿತಿದ್ದಳು. ಏಳಲು ಬೇಸರವಾಗಿ "ಮುಂದಿನ ಮನಿಗಿ ಹೋಗವ್ವ" ಎಂದಳು. ಜೋಗತಿಯ ವೇಷದಲ್ಲಿ ಬಂದವಳು ಸಾಕ್ಷಾತ್ ಹುಲಿಗೆಮ್ಮ ದೇವಿ. "ನೀರ್ ಇದ್ದೂ ಇಲ್ಲ ಅಂದಿ, ಇಲ್ಲದಂಗ ಆಗ್ಲಿ," ಎಂದು ಹೊರಟುಹೋದಳು. ಸಂಜೆ ಸೊಸೆ ಹಿತ್ತಲ ಬಾವಿಗೆ ಕೊಡ ಬಿಟ್ಟರೆ ಕಲ್ಲಿನ ಮೇಲೆ ಬಡಿದ ಸದ್ದು ಬಂತು.

"ಅವತ್ತಿನಿಂದ ಆ ಬಾವಿ ಬತ್ತಿ ಹೋತು, ಮ್ಯಾಲ ಚಪ್ಪಡಿ ಹಾಕಿ ಮುಚ್ಚಿಬಿಟ್ರು ನೋಡವ್ವ," ಎಂದು ಆಯಿ ಕಥೆ ಮುಗಿಸುತ್ತಿದ್ದಳು. ಕೇಳುತ್ತಿದ್ದ ನಮ್ಮತ್ತೆ ಎದ್ದು ಒಳಗೆ ಹೋಗುತ್ತಿದ್ದಳು.

ನಮ್ಮತ್ತೆಯಷ್ಟು ನೀರು ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ನೀರಿನ ಹರವಿ, ಅದರ ಮೇಲೊಂದು ಚರಿಗೆ ಸದಾ ಇರುತ್ತಿತ್ತು. ಬಳೆಗಾರರು, ಕುರಿ ಕಾಯುವವರು, ಪಾತ್ರೆ ಮಾರುವವರು, ಯಾರೇ ಬರಲಿ, ಕೇಳುವ ಮೊದಲೇ ಚರಿಗೆ ಮುಂದೆ ಮಾಡುತ್ತಿದ್ದಳು. ನಳ ಬರುವ ದಿನ ಬೀದಿಯ ಸಾಲಿನಲ್ಲಿ ನಿಂತು ತುಂಬಿಸಿ ತಂದ ನೀರು ಅದು. ಆದರೆ ಹೆಸರು ಅಲುಗಲಿಲ್ಲ. ಕೆಲವರು ಶುಭಕಾರ್ಯಕ್ಕೆ ಹೊರಟಾಗ ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ಅತ್ತೆ ಅದನ್ನೆಲ್ಲ ಸಹಿಸಿಕೊಂಡು ಬಂದಿದ್ದಳು.

ನನ್ನಿಂದ ಸಹಿಸಲಾಗದ ದಿನವೊಂದು ಬಂತು. ನಾದಿನಿಯನ್ನು ನೋಡಲು ಕುಷ್ಟಗಿ ಕಡೆಯಿಂದ ಗಂಡಿನವರು ಬಂದಿದ್ದರು. ದಾರಿಯಲ್ಲಿ ಯಾರೋ ಕಥೆ ಹೇಳಿ ಕಳಿಸಿದ್ದರು ಎಂದು ಕಾಣುತ್ತದೆ. ನಾದಿನಿ ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ನೀರಿನ ಲೋಟಗಳನ್ನಿಟ್ಟು ತಂದಳು. ಒಬ್ಬರೂ ಕೈ ಚಾಚಲಿಲ್ಲ. "ಇರ್ಲಿ ಬಿಡವ್ವ, ನೀರಡಿಕಿಲ್ಲ," ಎಂದರು ಬಂದ ಹಿರಿಯರು. ಸುಡುಬಿಸಿಲಲ್ಲಿ ಬಂದವರಿಗೆ ನೀರಡಿಕೆ ಇಲ್ಲವಂತೆ! ಚಹಾವನ್ನೂ ಮುಟ್ಟದೆ, ತಿಳಿಸುತ್ತೇವೆ ಎಂದು ಎದ್ದು ಹೋದರು. ಅತ್ತೆ ಲೋಟಗಳ ನೀರನ್ನೆಲ್ಲ ತುಳಸಿ ಗಿಡಕ್ಕೆ ಸುರಿದಳು. ನಾದಿನಿ ಅಡುಗೆಮನೆಯ ಮೂಲೆಯಲ್ಲಿ ಕುಳಿತು, "ಯಕ್ಕಾ, ನಾ ಏನ್ ಮಾಡೀನಿ?" ಎಂದು ಕೇಳಿದಳು.

ಅದರ ಹಿಂದಿನ ವರ್ಷ ಊರವರೆಲ್ಲ ಕೂಡಿ ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳು ತೆಗೆಸಿದ್ದರು. ಮಳೆ ಚೆನ್ನಾಗಿ ಬಿದ್ದು ಕೆರೆ ತುಂಬಿತ್ತು. ಕೆರೆಯ ಕೆಳಗಿನ ಸತ್ತ ಬೋರುಗಳಲ್ಲಿ ನೀರು ಬಂದಿತ್ತು. ನಮ್ಮ ಹಿತ್ತಲೂ ಕೆರೆಯ ಕೆಳಗೇ ಇದೆ. ನನ್ನ ತಲೆಯಲ್ಲಿ ಅದೇ ಓಡತೊಡಗಿತು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಪಕ್ಕ ಕುಳಿತು ಬಾಯಿ ಬಿಟ್ಟೆ.

"ಅತ್ತಿ, ಬಾವಿ ತೆಗ್ಸೋಣು."

ಅತ್ತೆಯ ಕೈ ನಿಂತಿತು. "ಹುಚ್ಚ ಹಿಡದೈತೇನ್ ನಿನಗ? ಅಮ್ಮನ ಶಾಪದ ಬಾವಿ ಅದು. ನಮ್ಮತ್ತಿ ಮುಟ್ಟಿಲ್ಲ, ನಾ ಮುಟ್ಟಿಲ್ಲ."

"ಅಮ್ಮ ಏನ್ ಕೇಳಿದ್ಲು? ನೀರ್ ಕೇಳಿದ್ಲು. ಕೊಡ್ಲಿಲ್ಲ ಅಂತ ಸಿಟ್ಟಾದ್ಲು. ಈಗ ಕೊಡ್ತೀವಿ ಅಂದ್ರ ಬ್ಯಾಡ ಅಂತಾಳೇನು?"

ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಬೆಂದದ್ದನ್ನು ತೆಗೆದು ಬುಟ್ಟಿಗಿಟ್ಟಳು. ಬಳಿಕ ತಲೆ ಎತ್ತದೆಯೇ ಹೇಳಿದಳು: "ಮೊದಲ ಕಲ್ಲು ನಾನ ಎತ್ತತೀನಿ. ಏನರ ಆದ್ರ ನನಗ ಆಗ್ಲಿ."

ನನ್ನ ಗಂಡ ಭಾಗ್ಯನಗರದಲ್ಲಿ ಗಾರೆ ಕೆಲಸ ಮಾಡುತ್ತಾರೆ. ಭಾನುವಾರ ಊರಿಗೆ ಬಂದವರು ನಮ್ಮ ಮಾತು ಕೇಳಿ ಮೊದಲು ನಕ್ಕರು. ತಾಯಿಯ ಮುಖ ನೋಡಿ ನಗು ನಿಲ್ಲಿಸಿದರು. ಹಗ್ಗ, ರಾಟೆ, ಬುಟ್ಟಿ ಹೊಂದಿಸಿದರು. ಉದ್ಯೋಗ ಖಾತ್ರಿ ಕೆಲಸದಲ್ಲಿ ನನ್ನ ಜೊತೆ ಕೆರೆಯ ಮಣ್ಣು ಹೊತ್ತಿದ್ದ ಹೆಂಗಸರನ್ನು ನಾನು ಕರೆದೆ. ಕೆಲವರು ಹೆದರಿ ಬರಲಿಲ್ಲ. ಬಂದವರು ಸೆರಗು ಕಟ್ಟಿಕೊಂಡು ನಿಂತರು. ಅತ್ತೆ ಬಾವಿಯ ಮೇಲಿನ ಚಪ್ಪಡಿಗೆ ಅರಿಶಿನ ಕುಂಕುಮ ಹಚ್ಚಿ, "ಯವ್ವಾ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊ," ಎಂದು ಕೈಮುಗಿದು ಹಾರೆ ಹಾಕಿ ಮೀಟಿದಳು. ಹಳೆಯ ಗಾಳಿ ಬುಸ್ಸೆಂದು ಹೊರಬಂತು. ಗಂಡ ಮೊದಲು ವಿಷಗಾಳಿ ಇದೆಯೇ ಎಂದು ನೋಡಲು ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರು. ಅದು ಆರಲಿಲ್ಲ. ಆಮೇಲೆ ತಾವು ಇಳಿದರು.

ಗೋಡೆಯಾಚೆ ಆಯಿ ನಿಂತು ನೋಡುತ್ತಿದ್ದಳು. "ಬ್ಯಾಡ್ರೆವ್ವ, ಬ್ಯಾಡ. ಅಮ್ಮನ ಜೋಡಿ ಆಟ ಆಡಬ್ಯಾಡ್ರಿ," ಎಂದು ಹೇಳುತ್ತಲೇ ಇದ್ದಳು. ಹೇಳುತ್ತಲೇ ಇನ್ನಷ್ಟು ಹತ್ತಿರ ಬಂದು ಇಣುಕುತ್ತಲೂ ಇದ್ದಳು.

ಬಾವಿಯಿಂದ ಬಂದದ್ದು ಬರೀ ಕಲ್ಲು, ಒಡೆದ ಗಡಿಗೆ, ಬೇವಿನ ಬೇರು, ಹೂಳು. ಬುಟ್ಟಿ ಮೇಲೆ ಬಂದಾಗಲೆಲ್ಲ ನಾನು ಮಣ್ಣನ್ನು ಮುಟ್ಟಿ ನೋಡುತ್ತಿದ್ದೆ. ಒಣಗಿದ್ದು, ಒಣಗಿದ್ದು, ಮತ್ತೂ ಒಣಗಿದ್ದು. ಹೆಂಗಸರ ತೋಳು ಸೋತವು. ಗಂಡ ಕೆಲಸಕ್ಕೆ ರಜೆ ಹಾಕಿ ಉಳಿದರು. ಒಂದು ಮಧ್ಯಾಹ್ನ ಬಂದ ಬುಟ್ಟಿಯ ಮಣ್ಣು ನನ್ನ ಕೈಗೆ ಅಂಟಿತು. ತಣ್ಣಗಿತ್ತು. ಅದನ್ನು ಕೆನ್ನೆಗೆ ಒತ್ತಿಕೊಂಡೆ. ಅಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿತು.

"ಬಂತು! ನೀರ್ ಬಂತ್ ಬೇ! ಕಲ್ಲಿನ ಸಂದ್ಯಾಗ ಒರತಿ ಒಡೀತು!"

ನಾವೆಲ್ಲ ಒಟ್ಟಿಗೆ ಕಿರುಚಿದೆವು. ನಾದಿನಿ ನನ್ನನ್ನು ಅಪ್ಪಿಕೊಂಡು ಕುಣಿದಳು, ಇಬ್ಬರೂ ಕೆಸರಿನ ಗುಡ್ಡೆಯ ಮೇಲೆ ಬಿದ್ದೆವು. ಅತ್ತೆ ಮಾತ್ರ ಕುಣಿಯಲಿಲ್ಲ. "ಸವಳೋ ಸಿಹಿಯೋ ನೋಡೋತನ ತಡೀರಿ," ಎಂದಳು. ನೀರು ತಿಳಿಯಾದ ಮೇಲೆ ಒಂದು ಕೊಡ ತುಂಬಿಸಿ ಒಳಗೆ ಒಯ್ದು ತೊಗರಿಬೇಳೆಗೆ ಎಸರಿಟ್ಟಳು. ಸವಳು ನೀರಾದರೆ ಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲ. ನಾವು ಒಲೆಯ ಸುತ್ತ ಕುಳಿತೆವು. ಅತ್ತೆ ಸವಟಿನಲ್ಲಿ ಒಂದಿಷ್ಟು ಬೇಳೆ ಎತ್ತಿ ಬೆರಳಲ್ಲಿ ಹಿಸುಕಿದಳು.

"ಬೆಣ್ಣಿ ಆಗ್ಯಾವ ನೋಡ್ರಿ!" ಎಂದಳು. ಅವಳು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಂದು ಬಂದ ಹೆಂಗಸರಿಗೆಲ್ಲ ನಮ್ಮ ಬಾವಿಯ ನೀರಿನ ಬೇಳೆಸಾರು, ಬಿಸಿರೊಟ್ಟಿ.

ಆದರೂ ಊರು ದೂರವೇ ನಿಂತು ನೋಡಿತು. ಬೇಸಿಗೆಯಲ್ಲಿ ಊರಿಗೆ ನೀರು ತರುವ ದೊಡ್ಡ ಪೈಪು ಒಡೆಯಿತು. ನಳಗಳೆಲ್ಲ ಒಣಗಿದವು, ಟ್ಯಾಂಕರ್ ಇವತ್ತು ಬರುತ್ತದೆ ನಾಳೆ ಬರುತ್ತದೆ ಎನ್ನುವುದರಲ್ಲೇ ದಿನ ಹೋದವು. ಆಗ ನಮ್ಮ ಬಾಗಿಲಿಗೆ ಮೊದಲು ಬಂದವಳು ಆಯಿ. ಕೊಡವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹೊಸ್ತಿಲ ಹೊರಗೆ ನಿಂತಿದ್ದಳು.

ಅತ್ತೆ ಅವಳನ್ನು ಕಾಯಿಸಲಿಲ್ಲ. "ಹೊರಗ್ಯಾಕ ನಿಂತಿ ಆಯಿ? ಕೊಡ ಈ ಕಡಿ ತಾ," ಎಂದು ತಾನೇ ಸೇದಿ ತುಂಬಿಸಿ, ಕೊಡವನ್ನು ಆಯಿಯ ಸೊಂಟಕ್ಕೆ ಏರಿಸಿದಳು.

ಮಧ್ಯಾಹ್ನದ ಹೊತ್ತಿಗೆ ಸಾಲು ಬೇವಿನ ಗಿಡ ಮುಟ್ಟಿತ್ತು. ಆನೆ ತಿಕ್ಕಿದ ಮನೆಯವರು, ಹಾವು ಕಾದ ಮನೆಯವರು, ನನ್ನ ಮದುವೆಯ ದಿನ ಕಟ್ಟೆಯ ಮೇಲೆ ನಕ್ಕವರು, ಎಲ್ಲರೂ ಬಿಂದಿಗೆ ಹಿಡಿದು ನಿಂತಿದ್ದರು. ನಾವು ಸರದಿಯ ಮೇಲೆ ಹಗ್ಗ ಎಳೆದೆವು. ಅಂಗೈ ಸುಲಿದವು. ಪೈಪು ರಿಪೇರಿಯಾಗುವವರೆಗೂ ಬಾವಿ ನಮ್ಮ ಮರ್ಯಾದೆ ಉಳಿಸಿತು. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಅಷ್ಟೇ ನೀರು ಇರುತ್ತಿತ್ತು.

ಮಳೆಗಾಲ ಶುರುವಾದ ಮೇಲೆ ಒಂದು ದಿನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಗೋಡೆಯಾಚೆ ಆಯಿ ಯಲಬುರ್ಗಾದಿಂದ ಬಂದ ತನ್ನ ನೆಂಟರಿಗೆ ನಮ್ಮ ಮನೆಯ ಕಥೆ ಹೇಳುತ್ತಿದ್ದಳು. ಜೋಗತಿ ಬಂದಳು, ಬೀಸುಕಲ್ಲಿನ ಸೊಸೆ ಏಳಲಿಲ್ಲ, ಬಾವಿ ಬತ್ತಿತು. ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

"ಆಮ್ಯಾಲ ಏನಾತು ಕೇಳ್ರಿ," ಎಂದಳು ಆಯಿ. "ಕಾಲುವಿ ಕಡಿಂದ ಒಬ್ಬಾಕಿ ಸೊಸಿ ಬಂದ್ಲು. ಒಂದಿನ ಅದ ಜೋಗತಿ ಹೊಳ್ಳಿ ಬಂದು ಬಾಗಲಾಗ ನಿಂತ್ಲು. ಈ ಸೊಸಿ ಓಡಿ ಹೋಗಿ ಚರಿಗಿ ತುಂಬ ನೀರ್ ಕೊಟ್ಲು. ಜೋಗತಿ ಕುಡದು, ಉಳದದ್ದು ಬಾವ್ಯಾಗ ಚೆಲ್ಲಿದ್ಲು ನೋಡ್ರಿ! ಗೆಜ್ಜಿ ಸಪ್ಪಳ ಆತು. ಗಂಗವ್ವ ಉಕ್ಕಿ ಬಂದ್ಲು!"

ನಾನು ಗೋಡೆಯ ಮೇಲೆ ತಲೆ ಹಾಕಿದೆ. "ಆಯಿ, ನಾವು ಹಾರಿ ಹಿಡದು ಅಗದಿದ್ದು ನೀನ ನಿಂತು ನೋಡಿಯಲ್ಲ!"

"ನೀ ಸುಮ್ಕಿರು," ಎಂದಳು ಆಯಿ, ತಿರುಗಿಯೂ ನೋಡದೆ. "ನಿನಗೇನ್ ಗೊತ್ತೈತಿ ನಮ್ಮೂರ ಸುದ್ದಿ? ನೀ ನಿನ್ನೆ ಬಂದಾಕಿ."

ಸೋಪಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕೆ. ಬದುಕಿರುವಾಗಲೇ ಕಥೆಯೊಳಗೆ ಸೇರಿಕೊಂಡಿದ್ದೆ!

ಈಗ ಊರವರು ನಮ್ಮದನ್ನು 'ಅಮ್ಮ ಹೊಳ್ಳಿ ಬಂದ ಮನಿ', ಅಂದರೆ ಅಮ್ಮ ಮರಳಿ ಬಂದ ಮನೆ, ಎನ್ನುತ್ತಾರೆ. ನಾದಿನಿಯ ಮದುವೆ ಯಲಬುರ್ಗಾ ಕಡೆಯ ಗಂಡಿನೊಂದಿಗೆ ಆಯಿತು. ಮದುವೆಯ ಅಡುಗೆಗೆ ನಮ್ಮ ಬಾವಿಯ ನೀರೇ ಬೇಕೆಂದು ಹಟ ಹಿಡಿದವರು ಗಂಡಿನ ಕಡೆಯವರು. ಅತ್ತೆ ಹೊಸ ಸೀರೆ ಉಟ್ಟು, ಅಡುಗೆಯವರಿಗೆ ಹೇಗೆ ಸೇದಬೇಕು, ಎಷ್ಟು ಸೇದಬೇಕು ಎಂದು ಆಜ್ಞೆ ಮಾಡುತ್ತ ಬಾವಿಯ ಕಟ್ಟೆಯಿಂದ ಕದಲಲೇ ಇಲ್ಲ.

ಮೊನ್ನೆ ಊರಾಚೆ ಹೊಸದಾಗಿ ಆರ್‌ಸಿಸಿ ಮನೆ ಕಟ್ಟಿಸಿದ ಲಾರಿ ಡ್ರೈವರ್ ಒಬ್ಬ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಆಯಿಯ ಬಳಿ ಬಂದಿದ್ದ. ತನ್ನ ಮನೆಗೂ ಒಂದು ಛಲೋ ಹೆಸರು, ಅದಕ್ಕೊಪ್ಪುವ ಕಥೆ ಬೇಕಂತೆ.

ಆಯಿ ಎಲೆಗೆ ಸುಣ್ಣ ಸವರುತ್ತ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇನ್ನ ಬಣ್ಣದ ವಾಸ್ನಿ ಹೋಗಿಲ್ಲ ಆ ಮನಿದು. ಮೊದಲ ಒಂದೆರಡು ತಲಿಮಾರು ಬಾಳ್ವಿ ಮಾಡ್ರಿ, ಕತಿ ತಾನ ಬರ್ತೈತಿ," ಎಂದಳು.

ಅವನು ತಲೆ ಕೆರೆದುಕೊಂಡು ನಿಂತ. ಅತ್ತೆ ಒಳಗಿನಿಂದ ಅವನಿಗೂ ಚಹಾ ಮಾಡಲು ನನಗೆ ಕೂಗಿ ಹೇಳಿದಳು.