ಅಜ್ಜಮ್ಮ ಬಾರಿಸಿದ ಗಂಗಾಳ

ಬಿಳಿಚೋಡಿನ ಸೂಲಗಿತ್ತಿ ಅಜ್ಜಮ್ಮನಿಗೆ ಬಾಯಿ ಬಲು ಜೋರು. ನನ್ನ ಹೆರಿಗೆಗಳನ್ನೆಲ್ಲ ಬೈದುಕೊಂಡೇ ಮಾಡಿಸಿದವಳು. ‘ನೀನೊಬ್ಳೇ ಹಡಿಯೋಳೇನೇ ಊರಾಗೆ?’ ಅನ್ನುತ್ತಿದ್ದಳು.

ನಮ್ಮ ಓಣಿಯಲ್ಲಿ ಒಂದು ಪದ್ಧತಿ. ಕೂಸು ಉಸಿರಾಡುತ್ತಾ ಹುಟ್ಟಿದರೆ ಸೂಲಗಿತ್ತಿ ಊಟದ ಕಂಚಿನ ಗಂಗಾಳ ಬಾರಿಸಬೇಕು, ಎಲ್ಲರಿಗೂ ಕೇಳಬೇಕು. ಸತ್ತು ಹುಟ್ಟಿದರೆ ಸದ್ದಿಲ್ಲದೆ ಮಣ್ಣು ಮಾಡುತ್ತಾರೆ. ಆಮೇಲೆ ಯಾರೂ ಏನೂ ಕೇಳುವುದಿಲ್ಲ.

ಮೂವತ್ತಾರನೇ ಇಸವಿಯ ಬೇಸಿಗೆ. ಅಂಗಡಿ ಕೊಟ್ರಬಸಪ್ಪನ ವಿಧವೆ ತಂಗಿ ಸಿದ್ದಲಿಂಗಮ್ಮ ಬಸುರಾಗಿದ್ದಳು. ಮನೆಯವರು ಅವಳನ್ನು ಹೊರಗೇ ಬಿಟ್ಟಿರಲಿಲ್ಲ, ನಮಗ್ಯಾರಿಗೂ ಗೊತ್ತಿರಲಿಲ್ಲ. ಮಟಮಟ ಮಧ್ಯಾಹ್ನ ನೋವು ಬಂತು. ಅಜ್ಜಮ್ಮನನ್ನು ಹಿತ್ತಲ ಬಾಗಿಲಿಂದ ಕರೆಸಿಕೊಂಡರು. ಒಳಗೆ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು.

‘ಕೂಸು ಅಳಬಾರ್ದು. ಒಂದು ಒದ್ದೆ ಬಟ್ಟೆ ಸಾಕು’ ಎಂದನಂತೆ ಕೊಟ್ರಬಸಪ್ಪ.

‘ಅದು ಕೊಲೆ ಆಗ್ತೈತಲ್ರೀ ಸಾವ್ಕಾರ್ರೆ!’

‘ಸತ್ತು ಹುಟ್ಟಿದ್ದಕ್ಕೆ ಯಾವ ಪೊಲೀಸು, ಯಾವ ಕೋರ್ಟು? ನನ್ ತಂಗಿ ಬದುಕಬೇಕಲ್ಲ?’

ಹಾಳಾದವನ ಮಾತು ಪೂರಾ ಸುಳ್ಳೂ ಅಲ್ಲ. ಸುದ್ದಿ ಹೊರಬಿದ್ದರೆ ಆಕೆಗೆ ಊರಲ್ಲಿ ನೆಲೆಯಿರಲಿಲ್ಲ. ಸಿದ್ದಲಿಂಗಮ್ಮನೇ ಅಜ್ಜಮ್ಮನ ಕೈ ಹಿಡಿದು, ‘ಅಣ್ಣ ಹೇಳ್ದಂಗೆ ಮಾಡಮ್ಮ, ನಿನ್ ಕಾಲಿಗೆ ಬೀಳ್ತೀನಿ’ ಅಂದಳಂತೆ.

ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ್ದೇ ಅಜ್ಜಮ್ಮನ ಬೆರಳು ಹಿಡಿದುಕೊಂಡಿತು. ಪಕ್ಕದಲ್ಲಿದ್ದ ಗಂಗಾಳದ ನೀರು ಚೆಲ್ಲಿ, ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲಿನಿಂದಲೇ ಬಾರಿಸಿದಳು ನೋಡಿ! ನಾನು ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಓಡಿದೆ. ಓಣಿಗೆ ಓಣಿಯೇ ಅವರ ಹಿತ್ತಲಲ್ಲಿ ನೆರೆಯಿತು. ಇಷ್ಟು ಜನರ ಕಿವಿಗೆ ಬಿದ್ದ ಕೂಸನ್ನು ಸತ್ತು ಹುಟ್ಟಿತು ಅನ್ನಲು ಇನ್ನು ಯಾರಿಗೆ ಸಾಧ್ಯ?

ಕೂಸು ಉಳಿಯಿತು. ಆದರೆ ಬಾಣಂತನ ಮುಗಿಯುವ ಮುನ್ನವೇ ತಾಯಿಯನ್ನೂ ಕೂಸನ್ನೂ ಹೊರಗೆ ಹಾಕಿದರು, ಥೂ! ಮೈಲಿಗೆಯಾಯಿತೆಂದು ಆ ಗಂಗಾಳವನ್ನೂ ಹಿಂದೆಯೇ ಎಸೆದರು. ಅಜ್ಜಮ್ಮ ಮೂರನ್ನೂ ತನ್ನ ಗುಡಿಸಲಿಗೆ ತಂದಳು. ದೊಡ್ಡ ಮನೆಯವರು ಅವಳನ್ನು ಕರೆಯುವುದು ಬಿಟ್ಟರು. ‘ಬಿಡ್ಲಿ ಬಿಡು, ಹಡಿಯೋದು ಬಿಟ್ಟಾರೇನು?’ ಎಂದು ನಕ್ಕಳು.

ಆದರೆ ಒಂದೇ ಸೂರಿನಡಿ ಇದ್ದೂ ಸಿದ್ದಲಿಂಗಮ್ಮ ಅವಳ ಜೊತೆ ಮಾತಾಡುತ್ತಿರಲಿಲ್ಲ. ‘ಒಂದು ಜೀವ ಉಳಿಸಾಕೆ ಇನ್ನೊಂದ್ನ ಬೀದಿಗೆ ಹಾಕಾಕೆ ನಾನ್ಯಾರೇ?’ ಎಂದು ಆ ಗಟ್ಟಿಗಿತ್ತಿ ನನ್ನ ಮುಂದೆ ಅತ್ತಿದ್ದಾಳೆ.

ಎಷ್ಟೋ ವರ್ಷದ ಮೇಲೆ, ನಾನೂ ಅಲ್ಲೇ ಕೂತಿದ್ದಾಗ, ಅಜ್ಜಮ್ಮ ಕೇಳಿಯೇಬಿಟ್ಟಳು: ‘ಹೇಳೇ ತಾಯಿ, ನಾನು ಅವತ್ತು ಮಾಡಿದ್ದು ತಪ್ಪೇನು?’

ಸಿದ್ದಲಿಂಗಮ್ಮ ಮುದ್ದೆ ತಿರುವುವುದನ್ನು ನಿಲ್ಲಿಸಲಿಲ್ಲ. ‘ನನ್ನೇನ್ ಕೇಳ್ತಿ? ಅವಳ್ನ ಕೇಳು’ ಅಂದಳು.

ಹುಡುಗಿ ಹೊಸ್ತಿಲ ಮೇಲೆ ಕೂತು, ಹಸಿವು ತಡೆಯಲಾರದೆ, ಅದೇ ಗಂಗಾಳವನ್ನು ಓಣಿಗೆಲ್ಲ ಕೇಳುವಂತೆ ಬಡಿಯುತ್ತಿದ್ದಳು.