ಕಾರಿನೊಳಗಿನ ಹಗ್ಗ

ಮೇಷ್ಟ್ರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ಹೆಂಚಿನಂತೆ ಒಂದರ ಮೇಲೊಂದು ಕೂತಿತ್ತು. ಟವೆಲ್ಲಿಗೆ ಕೈ ಒರೆಸಿದರೆ ಅದಕ್ಕೊಂದು ದಾರ ಸಿಕ್ಕಿಕೊಳ್ಳುತ್ತಿತ್ತು. ಹಳೇ ಗಾಡಿಯ ಬಾಗಿಲ ಅಂಚಿನಲ್ಲಿ ಆ ಉಗುರನ್ನು ಎಳೆಯುತ್ತಾ ಹೋಗಿ, ಹಳೇ ರಿಪೇರಿಯ ಜಾಗದಲ್ಲಿ ನಿಲ್ಲಿಸಿ, "ಇಲ್ಲಿ ಯಾರೋ ಬಂದು ಹೋಗವ್ರೆ" ಎನ್ನುತ್ತಿದ್ದರು.

ಎಡಗೈ ಎಂದು ಬರೆದ ಮೇಲೆ ಅನುಮಾನವಾಗುತ್ತಿದೆ. ಮುಂದೆ ಇನ್ನೊಬ್ಬರ ಎಡಗೈಯ ಸಂಗತಿ ಬರುತ್ತದೆ. ಅದು ಇಲ್ಲಿಗೂ ಅಂಟಿಕೊಂಡಿರಬಹುದು. ನೆನಪು ಹೀಗೆ ಒಂದು ಗಾಡಿಯ ಭಾಗವನ್ನು ಇನ್ನೊಂದಕ್ಕೆ ಕೂರಿಸಿ ಮೇಲೆ ಬಣ್ಣ ಹೊಡೆಯುತ್ತದೆ. ಉಗುರು ಸೀಳಿದ್ದಂತೂ ನಿಜ.

ತಿಪಟೂರಿನ ಐಟಿಐನಲ್ಲಿ ಅವರು ನಮಗೆ ಮೋಟಾರು ಕೆಲಸ ಕಲಿಸಿದವರು. ಕ್ಲಾಸಿಗೆ ಕಡ್ಲೆಪುರಿ ಜೇಬಲ್ಲಿಟ್ಟುಕೊಂಡೇ ಬರುತ್ತಿದ್ದರು. ಎದುರಿಗೆ ಒಂದು ಸ್ಕೂಟರ್ ನಿಲ್ಲಿಸಿ, ಇದರ ಬಗ್ಗೆ ಹೇಳಿ ಎನ್ನುವರು. ನಾವು ಯಾವ ಕಂಪನಿ, ಯಾವ ಮಾಡೆಲ್ ಎಂದು ಶುರು ಮಾಡಿದರೆ ಕೈ ಎತ್ತಿ ತಡೆಯುವರು. "ಅದು ಏನು ಅಂತ ಹೇಳ್ಬೇಡ ಕಣಯ್ಯ, ಅದಕ್ಕೆ ಏನಾಗೈತೆ ಅಂತ ಹೇಳು." ಅವರು ಕಲಿಸಿದ್ದರಲ್ಲಿ ಮುಕ್ಕಾಲು ಪಾಲು ಆ ಒಂದು ಮಾತಿನಲ್ಲೇ ಇದೆ. ಮಿಕ್ಕದ್ದು ಎಣ್ಣೆ, ಗ್ರೀಸು.

ನಿವೃತ್ತಿಯ ನಂತರ ನನ್ನ ಶೆಡ್ಡಿಗೆ ದಿನಾ ಬೆಳಿಗ್ಗೆ ಬಂದು ಒಂದು ಹಳೇ ಟೈರಿನ ಮೇಲೆ ಕೂರುತ್ತಿದ್ದರು. ನಾನು ಹಳೇ ಗಾಡಿಗಳನ್ನು ಸರಿಮಾಡುವವನು. ಹುಳಿಯಾರಿನ ಗೆಳೆಯರೊಬ್ಬರು ಒಮ್ಮೆ ತಮ್ಮ ಹೊಸದಾಗಿ ಕೊಂಡ ಹಳೇ ಮೋಟಾರ್ ಬೈಕನ್ನು ಹೆಮ್ಮೆಯಿಂದ ತೋರಿಸಿದರು. ಮೇಷ್ಟ್ರು ಒಂದು ಸುತ್ತು ಬಂದು, "ಇದು ಒಂದು ಗಾಡಿ ಅಲ್ಲ ಕಣಪ್ಪ, ಮೂರು. ಮೂರಕ್ಕೂ ಬೇರೆ ಬೇರೆ ಹೆಸರಿಡು, ಜಗಳ ಆಡ್ಕೊಂಡಾವು" ಎಂದರು. ಆ ಗೆಳೆಯರು ಬೇಜಾರು ಮಾಡಿಕೊಳ್ಳಲಿಲ್ಲ. ನಕ್ಕು, ಅದರಲ್ಲೇ ಊರಿಗೆ ಹೋದರು.

ಇವೆಲ್ಲ ಎಲ್ಲರಿಗೂ ಗೊತ್ತಿದ್ದ ಮೇಷ್ಟ್ರು. ನಾನು ಬರೆಯಬೇಕಾದದ್ದು ಶೆಟ್ಟಿಕೆರೆಯ ಕಾರಿನ ವಿಷಯ.

ಶೆಟ್ಟಿಕೆರೆಯ ಹತ್ತಿರ ತೆಂಗಿನ ತೋಟದ ಮನೆಯೊಂದರಲ್ಲಿ ಒಂದು ಅಮೆರಿಕದ ಕಾರಿತ್ತು. ಉದ್ದ ಮೂಗಿನದು, ಎರಡೇ ಬಾಗಿಲಿನದು, ಸ್ಟಾರ್ಟ್ ಮಾಡಿದರೆ ತೋಟದ ಆ ತುದಿಗೆ ಕೇಳುವಂಥದ್ದು. ತೋಟದ ಯಜಮಾನರು ವಯಸ್ಸಿನಲ್ಲಿದ್ದಾಗ ತುಮಕೂರಿನ ಒಂದು ಗ್ಯಾರೇಜಿನಿಂದ ಅದನ್ನು ತಂದಿದ್ದರು. ಈ ಜಾತಿಯ ಕಾರು ಎರಡು ಬಗೆಯಲ್ಲಿ ಬರುತ್ತಿತ್ತು. ಸಣ್ಣ ಎಂಜಿನ್ನಿನ ಸಾದಾ ಕಾರು ಒಂದು; ಅದೇ ಮೈಕಟ್ಟಿಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಇಟ್ಟು ಕಾರ್ಖಾನೆಯಲ್ಲೇ ಕಟ್ಟಿದ್ದು ಇನ್ನೊಂದು. ಬೆಲೆ, ಮರ್ಯಾದೆ ಎಲ್ಲ ಎರಡನೆಯದಕ್ಕೆ. ಆದ್ದರಿಂದಲೇ ಸಾದಾ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ದೊಡ್ಡ ಕಾರಿನ ಹೆಸರಿನ ಅಕ್ಷರ ಅಂಟಿಸಿ, ಅಸಲಿ ಎಂದು ಮಾರುವವರೂ ಲೋಕದಲ್ಲೆಲ್ಲ ಇದ್ದಾರೆ. ತಮ್ಮದು ಅಸಲಿ ಎಂದು ಯಜಮಾನರು ಊರಿಗೆಲ್ಲ ಹೇಳಿದ್ದರು. ಆಮೇಲೆ ಯಾವುದೋ ಮದುವೆಗೆ ಬಂದ ಹೊರಗಿನವರೊಬ್ಬರು ಕಾರು ನೋಡಿ, ಇದು ನಕಲಿ ಎಂದುಬಿಟ್ಟರು. ಅಲ್ಲಿಂದಾಚೆ ಶೆಟ್ಟಿಕೆರೆಯಲ್ಲಿ ಅದೊಂದು ಗಾದೆಯೇ ಆಯಿತು. ಯಾರಾದರೂ ಬುರುಡೆ ಬಿಟ್ಟರೆ, "ನಿನ್ನ ಮಾತೂ ಆ ತೋಟದ ಕಾರಿನಂಗೇ ಕಣ್ಲಾ" ಎನ್ನುವುದು. ಯಜಮಾನರು ಕಾರನ್ನು ಕಾಯಿ ಸುರಿಯುವ ಕೊಟ್ಟಿಗೆಗೆ ನೂಕಿದರು. ಮತ್ತೆ ಈಚೆಗೆ ತೆಗೆಯಲಿಲ್ಲ.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ನನಗೆ ಫೋನ್ ಮಾಡಿಸಿದರು. ಹೋದೆ. ಮಾರುವ ಯೋಚನೆ ಇಲ್ಲ ಎಂದು ಮೊದಲೇ ಹೇಳಿದರು. "ನಮ್ಮೆಜಮಾನ್ರು ನನ್ನತ್ರನೂ ಅದು ಅಸಲಿ ಅಂತ್ಲೇ ಹೇಳ್ತಿದ್ರು. ಸುಳ್ಳು ಹೇಳ್ಕೊಂಡೇ ಬದುಕಿದ್ರಾ ಇಲ್ವಾ, ಅಷ್ಟು ಗೊತ್ತಾಗ್ಬೇಕು ನಂಗೆ."

ಎಂಜಿನ್ ಕೋಣೆಯ ಹಿಂಗೋಡೆಗೆ ರಿವೆಟ್ ಹೊಡೆದ ಒಂದು ಸಣ್ಣ ತಗಡು ಇತ್ತು. ಅದರ ಮೇಲಿನ ಸಂಖ್ಯೆಯನ್ನು ಫೋನಿನಲ್ಲಿ ಹುಡುಕಿ ನೋಡಿದೆ. ದೊಡ್ಡ ಎಂಜಿನ್ನಿನ ಕಾರಿನದೇ ಸಂಖ್ಯೆ. ಆ ಮನೆಯ ಅಮ್ಮನಿಗೆ ಹಾಗೇ ಹೇಳಿ, ಆದರೂ ನಮ್ಮ ಮೇಷ್ಟ್ರು ಒಂದು ಸಲ ನೋಡಲಿ ಎಂದೆ. ಅವರ ಮುಖ ಅರಳಿದ್ದು ನೆನಪಿದೆ.

ಮೇಷ್ಟ್ರನ್ನು ಕರೆದುಕೊಂಡು ಹೋದದ್ದು ಬಿಸಿಲೇರುವ ಮುಂಚೆ. ಕೊಟ್ಟಿಗೆಯಿಂದ ಕಾರನ್ನು ನಾವು ಹೊರಗೆ ನೂಕಿದಾಗ ಹಿಂದಿನ ಸೀಟಿನಿಂದ ಒಂದು ಕೋಳಿ ಇಳಿದು ಹೋಯಿತು. ಕಾರು ಬೆಳಕಿಗೆ ಬಂದ ಕೂಡಲೇ ಮೇಷ್ಟ್ರು ಬಾಯಲ್ಲಿದ್ದ ಕಡ್ಲೆಪುರಿ ಅಗಿಯುವುದನ್ನು ನಿಲ್ಲಿಸಿದರು ಎಂದು ಬರೆಯಲು ಕೈ ಹೋಗುತ್ತಿದೆ. ಆದರೆ ಆಮೇಲೆ ಆದದ್ದು ತಿಳಿದಿರುವುದರಿಂದ ನಾನೇ ಅದನ್ನು ಸೇರಿಸುತ್ತಿರಬಹುದು. ಆಗ ನಾನು ನೋಡುತ್ತಿದ್ದದ್ದು ಕೋಳಿಯನ್ನು.

ಅವರು ತಗಡಿನ ಸಂಖ್ಯೆಯ ಕಡೆ ಹೋಗಲೇ ಇಲ್ಲ. ಬನಿಯನ್ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಜೇಬಿನಿಂದ ತೆಗೆದು ಕಾರಿನ ಮೈಮೇಲೆ ಅಲ್ಲಲ್ಲಿ ಇಟ್ಟರು. ಕಬ್ಬಿಣವಿದ್ದ ಕಡೆ ಅದು ಕಚ್ಚಿಕೊಂಡಿತು. ಬಾಗಿಲ ಕೆಳಗೆ, ಕಾಲಿಟ್ಟು ಹತ್ತುವ ಪೊಳ್ಳು ಭಾಗದಲ್ಲಿ ಇಟ್ಟಾಗ ಜಾರಿ ನೆಲಕ್ಕೆ ಬಿತ್ತು. ಅಲ್ಲಿ ತಗಡಿರಲಿಲ್ಲ, ಪುಟ್ಟಿ ಮೆತ್ತಿತ್ತು. "ತೆಗೀಬಹುದಾ ಅಮ್ಮಾ?" ಎಂದು ಕೇಳಿದರು. "ತೆಗೀರಿ, ನೋಡೋಣ" ಎಂದರು ಅಮ್ಮ.

ನಾನು ಉಳಿ ಹಿಡಿದು ಪುಟ್ಟಿ ಎಬ್ಬಿಸಿದೆ. ಅದು ಹಪ್ಪಳದಂತೆ ಮುರಿದು ಬಂತು. ಅದರ ಹಿಂದೆ, ಪೊಳ್ಳಿನಲ್ಲಿ ಒತ್ತಿ ತುಂಬಿದ್ದು ತೆಂಗಿನ ನಾರಿನ ಹಗ್ಗ. ಒಂದು ಮಾರಿನಷ್ಟು ಎಳೆದೆ. ನನಗೆ ನಗು ತಡೆಯಲಿಲ್ಲ. "ಅಮೆರಿಕದಾಗೂ ತೆಂಗು ಹಾಕವ್ರೆ ಸಾರ್" ಎಂದೆ. ಅಮ್ಮ ನಗಲಿಲ್ಲ. ಹಗ್ಗ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಈ ಕಾರನ್ನು ಕಾರ್ಖಾನೆಯವರು ಮುಚ್ಚಿದ್ದಲ್ಲ, ನಮ್ಮ ಕಡೆಯವರು ಯಾರೋ ಮುಚ್ಚಿದ್ದು.

ಮೇಷ್ಟ್ರು ಹಗ್ಗದ ತುದಿ ಹಿಡಿದು ಎಳೆ ಬಿಡಿಸಲು ನೋಡಿದರು. ನಾವೆಲ್ಲ ಬಿಡಿಸುವ ಕಡೆಗೇ ತಿರುಗಿಸಿದರು. ಬಿಚ್ಚಿಕೊಳ್ಳುವ ಬದಲು ಅದು ಇನ್ನೂ ಬಿಗಿಯಾಯಿತು. ಮತ್ತೆ ತಿರುಗಿಸಿದರು. ಆಮೇಲೆ ಒಂದು ಕಾಯಿ ಗುಡ್ಡೆಯ ಪಕ್ಕ ಹಾಗೇ ನೆಲದ ಮೇಲೆ ಕೂತರು.

"ಇದು ನಮ್ಮವ್ವ ಹೊಸೆದಿದ್ದು" ಎಂದರು.

ಅವರ ತಾಯಿ ಎಡಚಿ. ಎಲ್ಲರೂ ಬಲಗೈಯಲ್ಲಿ ಹೊಸೆದರೆ ಆಕೆ ಎಡಗೈಯಲ್ಲಿ ಹೊಸೆಯುತ್ತಿದ್ದುದರಿಂದ ಹುರಿ ತಿರುಗುಮುರುಗಾಗಿ ಬೀಳುತ್ತಿತ್ತಂತೆ. ಬೇರೆಯವರ ಹಗ್ಗದ ಜೊತೆ ಸೇರಿಸಿ ದಪ್ಪ ಮಿಣಿ ಮಾಡಲು ಬರುವುದಿಲ್ಲ, ಅದಕ್ಕೆ ಯಾರೂ ಕೊಳ್ಳುತ್ತಿರಲಿಲ್ಲ; ಮನೆಯಲ್ಲೇ ಉಳಿಯುತ್ತಿತ್ತು. ಮಗ ತುಮಕೂರಿಗೆ ಕೆಲಸಕ್ಕೆ ಹೊರಟಾಗ ಅದೇ ಹಗ್ಗದಲ್ಲಿ ಹಾಸಿಗೆ ಸುತ್ತಿ ಕಟ್ಟಿಕೊಟ್ಟಿದ್ದರು. ಮೇಷ್ಟ್ರು ಸೇರಿದ ಗ್ಯಾರೇಜಿಗೆ ಎರಡು ಕಾರು ಬಂದವು. ಒಂದು ಗುದ್ದಿ ನುಜ್ಜಾದ ದೊಡ್ಡ ಎಂಜಿನ್ನಿನದು, ಇನ್ನೊಂದು ಮೈ ಚೆನ್ನಾಗಿದ್ದ ಸಾದಾ ಕಾರು. ಮೊದಲನೆಯದರ ಎಂಜಿನ್ನನ್ನೂ ಸಂಖ್ಯೆಯ ತಗಡನ್ನೂ ಎರಡನೆಯದಕ್ಕೆ ಹಾಕಿದರು. ಅದರಲ್ಲಿ ಬಾಗಿಲ ಕೆಳಗೊಂದೇ ತುಕ್ಕು ತಿಂದಿತ್ತು; ಅಲ್ಲಿಗೆ ಏನಾದರೂ ತುಂಬಿ ಪುಟ್ಟಿ ಮೆತ್ತು ಎಂದು ಮಾಲೀಕ ಹೇಳಿದ. ಕೈಗೆ ಸಿಕ್ಕಿದ್ದು ಹಾಸಿಗೆಯ ಹಗ್ಗ.

ಇಷ್ಟನ್ನು ಅವರು ಹೇಳಬೇಕಾಗಿರಲಿಲ್ಲ. ನಕಲಿ ಎಂದು ಹೇಳಿ ಎದ್ದು ಬರಬಹುದಿತ್ತು. ಹಗ್ಗದ ಹುರಿ ನೋಡಿ ಕೈ ಗುರುತಿಸುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅಮ್ಮ ಕೇಳಿದರು. "ನಮ್ಮೆಜಮಾನ್ರಿಗೆ ಗೊತ್ತಿತ್ತಾ?"

"ಇಲ್ಲ ಕಣಮ್ಮ. ತಗೊಳಕ್ಕೆ ಬಂದ ದಿನ ಸುತ್ತ ಬಗ್ಗಿ ಬಗ್ಗಿ ನೋಡಿದ್ರು. ಆಮೇಲೆ ಮಾಲೀಕನ್ನ ಬಿಟ್ಟು ನನ್ನ ಕೇಳಿದ್ರು, ನಮ್ಮ ಕಡೆ ಹುಡುಗ ಅಂತ. ಎಲ್ಲಾ ಸರಿ ಐತೇನಪ್ಪಾ ಅಂದ್ರು. ಸರಿ ಐತೆ ಸ್ವಾಮಿ ಅಂದೆ." ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಮುಂದುವರಿಸಿದರು. "ಸುಳ್ಳು ನಂದು. ಅವ್ರು ನಂಬಿದ್ದನ್ನ ಹೇಳ್ಕೊಂಡು ತಿರುಗಿದ್ರು, ಅಷ್ಟೇಯ."

"ಇಷ್ಟು ವರ್ಸ ಎಲ್ಲಿದ್ರಿ ಮೇಷ್ಟ್ರೇ?"

"ತಿಪಟೂರಲ್ಲೇ."

"ಶೆಟ್ಟಿಕೆರೆಗೆ ಬಸ್ಸಿರಲಿಲ್ವಾ?"

ಮೇಷ್ಟ್ರು ಮಡಿಲಲ್ಲಿದ್ದ ಹಗ್ಗವನ್ನು ಸುತ್ತತೊಡಗಿದರು. ಕಾರು ಯಾವ ಊರಿಗೆ ಹೋಯಿತೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಎಂದೂ ಕೇಳಲಿಲ್ಲ. ಗೊತ್ತಿರಲಿಲ್ಲ ಎಂದು ಬರೆದರೆ ಈ ಚಿತ್ರ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಬರೆಯುವುದಿಲ್ಲ.

ಅಮ್ಮ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಲೋಟ ಕೊಡುವಾಗ, ನನಗೊಬ್ಬಳಿಗೆ ಹೇಳಿದರೆ ಸಾಲದು, ಗಾದೆ ಹುಟ್ಟಿದ್ದು ಬಸ್ ನಿಲ್ದಾಣದ ಹೋಟೆಲಿನಲ್ಲಿ, ಅಲ್ಲಿಗೆ ಹೋಗಿ ಹೇಳಬೇಕು ಎಂದರು. ಹಗ್ಗವನ್ನು ಎಲ್ಲಿತ್ತೋ ಅಲ್ಲೇ ಇಟ್ಟು ಹೋಗಬೇಕು ಎಂದೂ ಹೇಳಿದರು. ಮೇಷ್ಟ್ರು ಎರಡಕ್ಕೂ ತಲೆಯಾಡಿಸಿದರು.

ಹೋಟೆಲಿನಲ್ಲಿ ಅವರು ಕೂರಲಿಲ್ಲ. ನಿಂತುಕೊಂಡೇ, ಕ್ಲಾಸಿನಲ್ಲಿ ಪಾಠ ಹೇಳುವ ದನಿಯಲ್ಲೇ, ಕಾರಿಗೆ ಏನೇನಾಯಿತು ಎಂಬುದನ್ನು ಮೊದಲಿನಿಂದ ಹೇಳಿದರು. ಇಡ್ಲಿ ತಿನ್ನುತ್ತಿದ್ದವರು ತಿನ್ನುತ್ತಲೇ ಕೇಳಿದರು. ಕೊನೆಗೆ ಮೂಲೆಯಲ್ಲಿದ್ದ ಹಿರಿಯರೊಬ್ಬರು, "ಅಂಗಾದ್ರೆ ಆ ಗಾದೆ ಇನ್ಮೇಲೆ ನಿಮ್ಮ ಹೆಸರಿಗೆ ಮೇಷ್ಟ್ರೇ" ಎಂದರು. ಎಲ್ಲರೂ ನಕ್ಕರು.

"ಹಾಕ್ಕೊಳ್ಳಿ ಬುಡಿ, ಅದು ನಂದೇಯ" ಎಂದು ಮೇಷ್ಟ್ರೂ ನಕ್ಕರು. ಹಿಂದಕ್ಕೆ ಬರುವಾಗ, ತಿಪಟೂರು ಹತ್ತಿರವಾದಾಗ ಇದ್ದಕ್ಕಿದ್ದಂತೆ ಹೇಳಿದರು. "ಯಾವ ತಗಡಾದ್ರೂ ಮುಚ್ಚೋಕೆ ಮುಂಚೆ ಒಳಗೆ ನಿನ್ನ ಹೆಸರು ಬರಿ ಕಣಯ್ಯ. ಏನು ಮಾಡ್ದೆ ಅಂತ್ಲೂ ಬರಿ. ಎಲ್ಲರ ಅವ್ವಂದಿರೂ ಎಡಚಿಯರಾಗಿರಲ್ಲ."

ಅಂದಿನಿಂದ ನಾನು ಬರೆಯುತ್ತೇನೆ. ನನ್ನ ಶೆಡ್ಡಿನಿಂದ ಹೊರಟ ಗಾಡಿಗಳ ಒಳಮೈಯಲ್ಲಿ, ಯಾರಿಗೂ ಕಾಣದ ಕಡೆ, ಬಿಳಿ ಬಣ್ಣದಲ್ಲಿ ನನ್ನ ಹೆಸರಿದೆ. ಯಾವ ಭಾಗ ಹೊಸದು, ಯಾವುದು ಬೇರೆ ಗಾಡಿಯದು ಎಂಬ ಎರಡು ಸಾಲಿದೆ. ಹೆಸರು ಬರೆಯಬೇಕು ಎಂದಾಗ ಕೈ ತಾನಾಗಿ ನೆಟ್ಟಗಾಗುತ್ತದೆ. ನಾನು ಒಳ್ಳೆಯ ಕೆಲಸಗಾರ ಎಂದು ಜನ ಹೇಳುವುದಾದರೆ ಅದು ಈ ಭಯದಿಂದ ಬಂದದ್ದು, ಆ ಭಯ ಮೇಷ್ಟ್ರು ಕೊಟ್ಟದ್ದು.

ಹೋದ ವರ್ಷ ಅವರು ಹೋಗಿಬಿಟ್ಟರು. ಮನೆಯ ಮುಂದೆ ಹಳೇ ವಿದ್ಯಾರ್ಥಿಗಳು ತುಂಬಿದ್ದರು. ಶೆಟ್ಟಿಕೆರೆಯ ಅಮ್ಮ ಒಬ್ಬರೇ ಬೀದಿಯಲ್ಲಿ ನಡೆದು ಬಂದದ್ದನ್ನು ನೋಡಿ ಎದುರಿಗೆ ಹೋದೆ. ಫೋನ್ ಮಾಡಿದ್ದರೆ ಗಾಡಿ ಕಳಿಸುತ್ತಿದ್ದೆನಲ್ಲಾ ಎಂದೆ.

"ಬಸ್ಸೈತಲ್ಲಪ್ಪ" ಎಂದರು. ಒಳಗೆ ಹೋಗಿ ಮೇಷ್ಟ್ರ ಕಾಲ ಬಳಿ ತುಂಬಾ ಹೊತ್ತು ಕೂತಿದ್ದರು.

ಈ ವರ್ಷ ಅವರು ಕಾರನ್ನು ನನ್ನ ಶೆಡ್ಡಿಗೆ ಕಳಿಸಿದ್ದಾರೆ. ಓಡಿಸಬೇಕಂತೆ, ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳಿಕೊಂಡು. ನಿನ್ನೆ ಬಾಗಿಲ ಕೆಳಭಾಗಕ್ಕೆ ಹೊಸ ತಗಡು ಕೂರಿಸುವ ಕೆಲಸ. ಹಗ್ಗವನ್ನು ಪಕ್ಕಕ್ಕಿಟ್ಟು, ಕೈ ಹೋಗುವಷ್ಟು ಕಿಂಡಿ ಬಿಟ್ಟು ಬೆಸುಗೆ ಮುಗಿಸಿ, ತಗಡು ಆರಿದ ಮೇಲೆ ಒಳಗೆ ನನ್ನ ಹೆಸರು ಬರೆದೆ. ಅದರ ಮೇಲೆ ಮೇಷ್ಟ್ರ ಹೆಸರು ಬರೆದೆ. ಅವರ ತಾಯಿಯ ಹೆಸರು ನನಗೆ ಗೊತ್ತಿಲ್ಲ. ಹಗ್ಗವನ್ನು ಸುತ್ತಿ, ಇದ್ದ ಕಡೆಯೇ ಇಟ್ಟು, ಕಿಂಡಿಯ ಮುಚ್ಚಳದ ಕೊನೆಯ ಸ್ಕ್ರೂ ಬಿಗಿದೆ.